ಹೊಲಿಗೆಯ ಯಂತ್ರವು ಬೆಳೆದು ಬಂದ ಬಗೆ

ಸಂಸ್ಕೃತ ಶಾಸ್ತ್ರಗಳಲ್ಲಿ ಸೂಚೀಕಟಾಹನ್ಯಾಯವೆಂಬುದೊಂದುಂಟು. ಕಮ್ಮಾರನ ಬಳಿಗೆ ಒಬ್ಬನು ಕೊಪ್ಪರಿಗೆಯನ್ನೂ ಮತ್ತೊಬ್ಬನು ಸೂಜಿಯನ್ನೂ ಬೇಡಿಬಂದರೆ, ಅವನು ಮೊದಲು ಸೂಜಿಯನ್ನು ಮಾಡಿಕೊಟ್ಟು ಆಮೇಲೆ ಕೊಪ್ಪರಿಗೆಗೆ ಕೈಹಾಕುವನು. ಸುಲಭವಾದುದನ್ನು ಮೊದಲು ಮುಗಿಸಬೇಕೆಂಬುದು ಇದರ ತಾತ್ಪರ್ಯ. ಆದರೆ ಹೊಲಿಗೆಯ ಯಂತ್ರದ ಚರಿತ್ರೆಯಲ್ಲಿ ಈ ನ್ಯಾಯವು ತಲೆಕೆಳಗಾಗಿರುವುದು. ಉಗಿಯ ಕೊಪ್ಪರಿಗೆಯನ್ನು ಪಳಗಿಸಿ ಅದರಿಂದ ಬಂಡಿಗಳನ್ನೇ ಎಳೆಯಿಸಿದ ಪಾಶ್ಚಾತ್ಯರು, ಒಂದು ಸಣ್ಣ ಸೂಜಿಯನ್ನು ಯಂತ್ರದ ವಶಕ್ಕೆ ತರಲು ಬಹುಕಾಲ ಹೆಣಗಿದರು. ಈ ತೊಡಕು ಬಿಡಿಸಿದ ಬಗೆಯನ್ನು ವಾಚಕರಿಗೆ ಅರಿಕೆ ಮಾಡುವೆವು.

ಕೈಹೊಲಿಗೆಯಲ್ಲಿ ಸೂಜಿಯ ಕಣ್ಣು ಅದರ ಹಿಂತುದಿಯಲ್ಲಿರುವುದಷ್ಟೆ. ಸೂಜಿಯು ಬಟ್ಟೆಯನ್ನು ಪೂರ್ತಿಯಾಗಿ ದಾಟಬೇಕು. ಒಂದು ಬೆರಳು ನೂಕಿದುದನ್ನು ಮತ್ತೊಂದು ಬೆರಳು ಹಿಡಿದೆಳೆಯಬೇಕು. ಬಿಟ್ಟು ಹಿಡಿಯುವ ಈ ಚಾತುರ್ಯವನ್ನು ಕಬ್ಬಿಣಕ್ಕೆ ಕಲಿಸುವುದು ಸುಲಭವಲ್ಲ. ೧೭೯೦ರಲ್ಲಿ ಇಂಗ್ಲೆಂಡಿನ ಥಾಮಸ್ ಸೇಂಟ್ ಎಂಬಾತನು ಚರ್ಮವನ್ನು ಹೊಲಿಯುವ ಯಂತ್ರವೊಂದಕ್ಕೆ ಪೇಟೆಂಟು ಪಡೆದನು. ಫ್ರಾನ್ಸಿನ ಬಡ ದರ್ಜಿಯಾದ ಬಾರ್ತೆಲೆಮಿ ತಿಮೊನಿಯೇ ಎಂಬಾತನು ೧೮೩೦ರಲ್ಲಿ ಕೊಕ್ಕೆಯ ಸೂಜಿಯಿಂದ ಸರಪಣಿ ಹೊಲಿಗೆಯನ್ನು ಹಾಕುವ ಯಂತ್ರಕ್ಕೆ ಪೇಟೆಂಟು ಪಡೆದು, ಪ್ಯಾರಿಸಿನಲ್ಲಿ ಸೈನಿಕರ ಉಡುಪುಗಳನ್ನು ಹೊಲಿಯಿಸತೊಡಗಿದನು. ತಮ್ಮ ಅನ್ನಕ್ಕೆ ಸಂಚಕಾರ ಬಂದಿತೆಂದು ಕೆರಳಿದ ದರ್ಜಿಗಳು ೧೮೩೧ರಲ್ಲಿ ಆ ಯಂತ್ರಗಳನ್ನು ಒಡೆದು ಹಾಕಿದರು. ತಿಮೊನಿಯೇ ೧೮೫೭ರಲ್ಲಿ ದಾರಿದ್ರ್ಯದಲ್ಲಿಯೇ ತೀರಿಕೊಂಡನು.

ಸರಪಣಿ ಹೊಲಿಗೆಗೆ ಒಂದೇ ನೂಲು ಸಾಕು. ಅದರ ದೋಷವೂ ಅಲ್ಲಿಯೇ ಇರುವುದು. ಅಕ್ಕಿಯ ಮೂಟೆಯ ಬಾಯಿಹೊಲಿಗೆಯನ್ನು ಬಿಚ್ಚಿದವರು ಇದನ್ನು ಬಲ್ಲರು. ಸರಿಯಾದ ತುದಿಯನ್ನು ಹಿಡಿದೆಳೆದರೆ ಹೊಲಿಗೆಯೆಲ್ಲವೂ ಸರ್ರನೆ ಬಿಚ್ಚಿಕೊಳ್ಳುವುದು. ಮೂಟೆಗೆ ಇದು ಅನುಕೂಲ. ಮೈಮೇಲಿನ ಅಂಗಿಗೆ ಅಪಾಯ.

ನ್ಯೂಯಾರ್ಕಿನ ವಾಲ್ಟರ್ ಹಂಟ್ ಎಂಬಾತನು ಸುಮಾರು ೧೮೩೩-೩೪ರಲ್ಲಿ ಕೈಯನ್ನು ಅನುಕರಿಸುವುದನ್ನೇ ಬಿಟ್ಟುಬಿಟ್ಟನು. ಅವನು ಸೂಜಿಯ ಕಣ್ಣನ್ನು ಮೊನೆಯ ಸಮೀಪದಲ್ಲಿಟ್ಟನು. ಆಗ ಸೂಜಿಯು ಬಟ್ಟೆಯನ್ನು ಪೂರ್ತಿಯಾಗಿ ದಾಟಬೇಕಾಗಿಲ್ಲ. ಮೊನೆಯು ನೂಲನ್ನು ಕೆಳಗೊಯ್ದು ತುಸು ಮೇಲಕ್ಕೆ ಸರಿದೊಡನೆ, ನೂಲು ಸಡಿಲಗೊಂಡು ಒಂದು ಕುಣಿಕೆಯಾಗುವುದು. ನೇಯ್ಗೆಯ ಮಗ್ಗದಲ್ಲಿರುವಂತಹ ಲಾಳಿಯೊಂದು ಎರಡನೆಯ ನೂಲನ್ನು ಆ ಕುಣಿಕೆಯೊಳಗೆ ಹಾಯಿಸುವುದು. ಸೂಜಿಯು ಮೇಲೇರಿದಾಗ ಎರಡು ನೂಲುಗಳೂ ಬಟ್ಟೆಯ ನಡುವೆ ಪರಸ್ಪರ ಹೆಣೆದುಕೊಂಡು ಬಿಗಿಯುವುವು. ಆದರೆ ಹಂಟನು ಆಗ ಪೇಟೆಂಟನ್ನು ಬೇಡಲಿಲ್ಲ. ಈ ಯಂತ್ರದಿಂದ ಹೊಲಿಗೆಯ ಹೆಂಗಸರು ಅನ್ನವಿಲ್ಲದಂತಾಗುವರೆಂದು ಅವನ ಮಗಳು ಮರುಗಿದುದೇ ಕಾರಣವೆಂದು ಹೇಳುವರು.

ಇದೇ ತತ್ತ್ವವನ್ನು ಎಲಿಯಾಸ್ ಹೋವ್ ಎಂಬಾತನು ತಾನಾಗಿಯೇ ಸಾಧಿಸಿ ೧೮೪೬ರಲ್ಲಿ ಅಮೆರಿಕದ ಪೇಟೆಂಟನ್ನು ಪಡೆದನು. ಅದಕ್ಕೆ ಮುಂಚಿನ ವರ್ಷ ಬಾಸ್ಟನ್ನಿನಲ್ಲಿ ಅವನ ಯಂತ್ರವು ಐವರು ನುರಿತ ಹೆಂಗಸರೊಡನೆ ಪಂತ ಹೂಡಿ ಗೆದ್ದಿತ್ತು. ಆದರೂ ಅದರಲ್ಲಿ ಬಟ್ಟೆಯನ್ನು ಮುಳ್ಳುಗಳಿಗೆ ಸಿಕ್ಕಿಸಿ ನಿಲುವಾಗಿ ತೂಗಹಾಕಬೇಕಾಗಿತ್ತು. ಆ ಪಟ್ಟಿಯ ಉದ್ದ ಮುಗಿಯಿತೆಂದರೆ ಯಂತ್ರವನ್ನು ನಿಲ್ಲಿಸಿ ಮತ್ತೆ ಸಿಕ್ಕಿಸಬೇಕು. ತೋಳಿನ ತಿರುವು, ಕೊರಳಿನ ಸುತ್ತು ಇವುಗಳಿಗೆ ಅದು ಒದಗುತ್ತಿರಲಿಲ್ಲ.

ಈ ಕೊರತೆಗಳನ್ನು ನೀಗಿದವರು ಐಸಾಕ್ ಸಿಂಗರ್ ಮತ್ತು ಅಲೆನ್ ವಿಲ್ಸನ್. ಇವರಿಬ್ಬರ ಪೇಟೆಂಟುಗಳೂ ೧೮೫೧ನೆಯ ಆಗಸ್ಟ್ ೧೨ರಂದು ಒಂದೇ ದಿನ ಹೊರಬಿದ್ದುವು. ಸಿಂಗರನ ಯಂತ್ರದಲ್ಲಿ ಬಟ್ಟೆಯು ಮೇಜಿನ ಮೇಲೆ ಮಲಗಿತು, ಸೂಜಿಯು ನೇರವಾಗಿ ಮೇಲೆ ಕೆಳಗೆ ಆಡಿತು, ಒಂದು ಲೋಹದ ಪಾದವು ಬಟ್ಟೆಯನ್ನು ಅದುಮಿ ಹಿಡಿಯಿತು. ಯಂತ್ರವನ್ನು ಕಾಲಿನಿಂದ ತುಳಿದು ನಡೆಯಿಸುವಂತಾದುದರಿಂದ ಎರಡು ಕೈಗಳೂ ಬಟ್ಟೆಯನ್ನು ತಿರುಗಿಸಲು ಬಿಡುವಾದುವು. ವಿಲ್ಸನನು ಹೋಗಿಬರುವ ಲಾಳಿಗೆ ಬದಲಾಗಿ ಒಂದೇ ಕಡೆಗೆ ಸುತ್ತುವ ಕೊಕ್ಕೆಯನ್ನು ಹೂಡಿ ಸದ್ದನ್ನು ತಗ್ಗಿಸಿ ವೇಗವನ್ನು ಹೆಚ್ಚಿಸಿದನು. ೧೮೫೪ರಲ್ಲಿ ಅವನೇ ಬಟ್ಟೆಯನ್ನು ಮುನ್ನಡೆಸುವ ಹಲ್ಲುಗಳನ್ನು ಸುಧಾರಿಸಿದನು. ಅವು ಮೇಲೇಳುವುವು, ಬಟ್ಟೆಯನ್ನು ಕಚ್ಚಿ ಮುಂದಕ್ಕೊಯ್ಯುವುವು, ಕೆಳಗಿಳಿಯುವುವು, ಬಟ್ಟೆಗೆ ತಾಗದೆ ಹಿಂದಿರುಗುವುವು. ಮನೆಯ ಯಂತ್ರದ ಪಾದವನ್ನೆತ್ತಿ ಚಕ್ರವನ್ನು ಮೆಲ್ಲನೆ ತಿರುಗಿಸಿದರೆ ಈ ನಾಲ್ಕು ಚಲನೆಗಳನ್ನು ಇಂದಿಗೂ ಕಣ್ಣಾರೆ ಕಾಣಬಹುದು.

ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಅಂಗದ ಹಕ್ಕಿದ್ದುದರಿಂದ ನ್ಯಾಯಾಲಯಗಳಲ್ಲಿ ವ್ಯಾಜ್ಯಗಳು ಬೆಳೆದುವು. ಕಡೆಗೆ ೧೮೫೬ರಲ್ಲಿ ಹಕ್ಕುದಾರರು ಒಂದು ಒಪ್ಪಂದಕ್ಕೆ ಬಂದು ತಮ್ಮ ಪೇಟೆಂಟುಗಳನ್ನು ಒಟ್ಟುಗೂಡಿಸಿದರು. ಅದೇ ವರ್ಷ ಸಿಂಗರ್ ಕಂಪೆನಿಯು ಕಂತುಗಳಲ್ಲಿ ಹಣವನ್ನು ತೆಗೆದುಕೊಳ್ಳುವ ಪದ್ಧತಿಯನ್ನು ತೊಡಗಿದುದರಿಂದ ಬಡವರ ಮನೆಗೂ ಯಂತ್ರವು ಪ್ರವೇಶಿಸಿತು.

ಹಂಟನ ಮಗಳ ಮರುಕವು ವ್ಯರ್ಥವಾಗಿತ್ತೆಂದು ನಾವು ಹೇಳಲಾರೆವು. ಹಗಲಿರುಳು ಯಂತ್ರಕ್ಕೆ ಬಾಗಿ ಅಲ್ಪ ಕೂಲಿಗೆ ದುಡಿದವರು ಎಲ್ಲ ದೇಶಗಳಲ್ಲಿಯೂ ಉಂಟು. ಆದರೆ ಯಂತ್ರವು ತನ್ನದೇ ಆದಾಗ, ಅದೇ ಒಂದು ಹೆಂಗಸಿನ ಸಂಸಾರಕ್ಕೆ ಊರುಗೋಲಾದುದನ್ನೂ ನಾವು ಬಲ್ಲೆವು. ಯಂತ್ರಗಳ ಹುಚ್ಚನ್ನು ಖಂಡಿಸಿದ ಮಹಾತ್ಮಾ ಗಾಂಧಿಯವರು ಸಹ ೧೯೨೪ರಲ್ಲಿ ಹೊಲಿಗೆಯ ಯಂತ್ರವನ್ನು ಅಪವಾದವಾಗಿ ಎಣಿಸಿದುದು ಸಾರ್ಥಕವಾಗಿದೆ. ಯಂತ್ರವು ಯಾರ ಶ್ರಮವನ್ನು ತಗ್ಗಿಸುವುದು, ಯಾರ ಅನ್ನವನ್ನು ಕಸಿಯುವುದು ಎಂಬುದೇ ವಿಚಾರ್ಯವಾದ ಅಂಶ.

ಕಡೆಯದಾಗಿ ಒಂದು ಮಾತು. ಹೊಲಿಗೆಯು ಬಿಟ್ಟು ಬಿಟ್ಟು ಬೀಳತೊಡಗಿದರೆ ಯಂತ್ರವು ಕೆಟ್ಟಿತೆಂದು ಗಾಬರಿಪಡಬೇಕಾದುದಿಲ್ಲ. ಮೊನೆ ಮೊಂಡಾಗಿ ಬಾಗಿದ ಸೂಜಿಯಿಂದಲೋ ತಿರುವುಮುರುವಾಗಿ ಸಿಕ್ಕಿಸಿದ ಸೂಜಿಯಿಂದಲೋ ಕೆಳಗಿನ ಕೊಕ್ಕೆಗೆ ಕುಣಿಕೆಯು ದೊರೆಯದಿರುವುದುಂಟು. ಸೂಜಿಯ ಮೈಯಲ್ಲಿ ಉದ್ದನೆಯ ಗೀರು ಯಾವ ಕಡೆಗಿರುವುದೋ ಆ ಕಡೆಯಿಂದಲೇ ನೂಲನ್ನು ಪೋಣಿಸಬೇಕು. ಹಲ್ಲುಗಳ ನಡುವೆ ಸೇರಿದ ನೂಲಿನ ಧೂಳನ್ನು ಆಗಾಗ ತೆಗೆಯಬೇಕು. ಇಷ್ಟನ್ನು ಅರಿತ ಗೃಹಿಣಿಗೆ ಅರ್ಧ ರಿಪೇರಿಯ ಖರ್ಚು ಉಳಿಯುವುದು. ಸೂಚೀಕಟಾಹನ್ಯಾಯವು ಇಲ್ಲಿಯಾದರೂ ಸಲ್ಲುವುದು. ಮೊದಲು ಸೂಜಿಯನ್ನು ನೋಡಿ, ಆಮೇಲೆ ಯಂತ್ರವನ್ನು ಬಿಚ್ಚಬೇಕು.