ವಾರ್ಡಿನಿಂದ ಕ್ಯಾಪಿಟಲ್‌ವರೆಗೆ

ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ ಮೆಟ್ರೊದ ಹಸಿರು ಮಾರ್ಗ ಹಿಡಿದು ಮೌಂಟ್ ವರ್ನನ್ ಸ್ಕ್ವೇರ್‌ನಲ್ಲಿ ಇಳಿದರೆ ಸಿಗುವುದು ಭಾರಿ ಸಮಾವೇಶ ಕೇಂದ್ರ. ಅದಕ್ಕೆ ಇಟ್ಟಿರುವುದು ಈ ಊರಿನ ಮೇಯರ್ ಒಬ್ಬರ ಹೆಸರು: ವಾಲ್ಟರ್ ವಾಷಿಂಗ್ಟನ್. ಅವರನ್ನು 1967ರಲ್ಲಿ ಅಧ್ಯಕ್ಷ ಜಾನ್ಸನ್ ನಗರದ ಆಡಳಿತಕ್ಕೆ ನೇಮಿಸಿದ್ದರು. 1973ರಲ್ಲಿ ಸ್ವಯಮಾಡಳಿತ ಕಾಯ್ದೆ ಬಂತು. ಮರುವರ್ಷ ಜನರೇ ಮತ ಹಾಕಿ ಅವರನ್ನು ಮೇಯರ್ ಮಾಡಿಕೊಂಡರು.

ಪಕ್ಕದ ಬೀದಿಯ ಮ್ಯಾರಿಯಟ್ ಮಾರ್ಕ್ವಿಸ್ ಹೋಟೆಲು ಮಾರ್ಚ್ ತಿಂಗಳಲ್ಲಿ ದೇಶದ ನಾನಾ ಊರುಗಳ ಮೇಯರ್‌ಗಳು, ನಗರಸಭಾ ಸದಸ್ಯರಿಂದ ತುಂಬುತ್ತದೆ. ಇತ್ತೀಚಿನ ವರ್ಷಗಳಲ್ಲಿ ನ್ಯಾಷನಲ್ ಲೀಗ್ ಆಫ್ ಸಿಟೀಸ್ ಸಂಸ್ಥೆಯ ಸಮಾವೇಶ ನಡೆಯುತ್ತಿರುವುದು ಇಲ್ಲೇ. 1924ರಲ್ಲಿ ಕ್ಯಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನಲ್ಲಿ ಹುಟ್ಟಿದ ಸಂಸ್ಥೆಯಿದು. ಸಣ್ಣ ಊರುಗಳ ಸದಸ್ಯರಲ್ಲಿ ಹೆಚ್ಚಿನವರಿಗೆ ಜೀವನಕ್ಕೆ ಬೇರೆ ಕೆಲಸವಿದೆ. ಸದಸ್ಯತ್ವ ಬಿಡುವಿನ ಹೊತ್ತಿನ ಜವಾಬ್ದಾರಿ. ಸೀಸದ ನೀರಿನ ಕೊಳವೆ ಬದಲಿಸುವುದು, ಬಾಡಿಗೆ ಮನೆಗಳ ಕೊರತೆ, ಹಳೆಯ ಸೇತುವೆ, ರೈಲ್ವೆ ಗೇಟು – ಪಕ್ಷ ಯಾವುದೇ ಇರಲಿ, ತಂದ ಅಹವಾಲುಗಳು ಒಂದೇ ಬಗೆಯವು.

ಇಲ್ಲಿಂದ ಮ್ಯಾಸಚೂಸೆಟ್ಸ್ ಅವೆನ್ಯೂ ಹಿಡಿದು ಆಗ್ನೇಯಕ್ಕೆ ನಡೆದರೆ ಯೂನಿಯನ್ ರೈಲು ನಿಲ್ದಾಣ. ಅದಕ್ಕೂ ಮುಂಚೆ ಸಿಗುವ ನಾರ್ತ್ ಕ್ಯಾಪಿಟಲ್ ಬೀದಿಯಲ್ಲಿ ಸಂಸ್ಥೆಯ ಕಚೇರಿಯಿದೆ. ನಿಲ್ದಾಣ ದಾಟುತ್ತಲೇ ಅಮೆರಿಕದ ಸಂಸತ್ ಭವನವಾದ ಕ್ಯಾಪಿಟಲ್‌ನ ಬಿಳಿ ಗುಮ್ಮಟ ಕಾಣುತ್ತದೆ. ಅದರ ಉತ್ತರಕ್ಕೆ ಸೆನೆಟ್ ಸದಸ್ಯರ ಕಚೇರಿಗಳು, ದಕ್ಷಿಣಕ್ಕೆ ಪ್ರತಿನಿಧಿ ಸಭೆಯವರದು. ಭದ್ರತಾ ತಪಾಸಣೆ ಮುಗಿಸಿದರೆ ಸಾಮಾನ್ಯ ಪ್ರಜೆಯೂ ಒಳಗೆ ಹೋಗಬಹುದು. ಉದ್ದನೆಯ ಪಡಸಾಲೆಗಳಲ್ಲಿ ಬಾಗಿಲುಗಳ ಬಳಿ ಆಯಾ ರಾಜ್ಯದ ಬಾವುಟ. ಸಮಾವೇಶಕ್ಕೆ ಬಂದವರು ತಮ್ಮ ರಾಜ್ಯದ ಬಾಗಿಲು ಹುಡುಕಿ ಒಳಗೆ ಕುಳಿತು ಊರಿನ ಲೆಕ್ಕ ಒಪ್ಪಿಸುತ್ತಾರೆ.

ಇಂಥ ಓಡಾಟಕ್ಕೆ ಫಲವಿದೆಯೇ? ಕೋವಿಡ್ ಪರಿಹಾರವೇ ಉತ್ತರ. 2020ರ ಮೊದಲ ದೊಡ್ಡ ಪ್ಯಾಕೇಜಿನಲ್ಲಿ ಕೇಂದ್ರದಿಂದ ನೇರ ಹಣ ಸಿಕ್ಕಿದ್ದು 5 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಸ್ಥಳೀಯ ಆಡಳಿತಗಳಿಗೆ ಮಾತ್ರ. ನಗರಗಳು ಒಟ್ಟಾಗಿ ಪಟ್ಟು ಹಿಡಿದವು. 2021ರ ಕಾಯ್ದೆ ದೊಡ್ಡದು ಸಣ್ಣದು ಎನ್ನದೆ ಪುರಸಭೆಗಳಿಗೆ 6,510 ಕೋಟಿ ಡಾಲರ್ ಎತ್ತಿಟ್ಟಿತು. ಸಣ್ಣ ಊರುಗಳ ಪಾಲು ರಾಜ್ಯಗಳ ಮೂಲಕ ಹೋದರೂ ಅದನ್ನು ರಾಜ್ಯಗಳು ತಮ್ಮಲ್ಲೇ ಇಟ್ಟುಕೊಳ್ಳುವಂತಿರಲಿಲ್ಲ.

ಈ ಪಡಸಾಲೆಗಳಲ್ಲಿ ನಡೆಯುವಾಗ ಬೆಂಗಳೂರು ನೆನಪಾಗದೆ ಇರದು. ನಮ್ಮಲ್ಲೂ 2025ರ ಜುಲೈನಲ್ಲಿ ಹರಿಯಾಣದ ಮಾನೇಸರ್‌ನಲ್ಲಿ ನಗರ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರ ರಾಷ್ಟ್ರೀಯ ಸಮ್ಮೇಳನ ನಡೆಯಿತು. ಬೆಂಗಳೂರಿಗೆ ಆಗ ಮೇಯರೇ ಇರಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಚುನಾವಣೆಯೇ ನಡೆದಿರಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಅದು ಜಾರಿಗೆ ಬಂದದ್ದು 1993ರಲ್ಲಿ.

ಅಧಿಕಾರಿಗಳು ಎಷ್ಟೇ ದಕ್ಷರಿರಲಿ, ವರ್ಗವಾದರೆ ಹೊರಡುವವರು. ಮತ ಕೇಳಲು ಮತ್ತೆ ಅದೇ ಬೀದಿಗೆ ಬರಬೇಕಾದವರು ಸದಸ್ಯರು. ಪಾಲಿಕೆ, ಪುರಸಭೆಗಳ ಚುನಾವಣೆ ಹೊತ್ತಿಗೆ ಸರಿಯಾಗಿ ನಡೆಯಲಿ ಎಂದು ನಾವು ಹಟ ಹಿಡಿಯಬೇಕು. ಊರಿನ ಪರವಾಗಿ ದಿಲ್ಲಿಯಲ್ಲಿ ಮಾತಾಡಲು ಮೊದಲು ಊರಿಗೊಬ್ಬ ಪ್ರತಿನಿಧಿ ಇರಬೇಕು.