ಕಣ್ಣಿನ ಪೊರೆಗೆ ಮದ್ದುಂಟೆ?

ಪೊರೆ ಎಂಬುದು ನಮ್ಮಲ್ಲಿ ಬಹು ಹಳೆಯ ಮಾತು. ಹಾವು ಕಳಚುವುದು ಪೊರೆ; ಈರುಳ್ಳಿಯ ತೆಳ್ಳನೆಯ ಸಿಪ್ಪೆಯೂ ಪೊರೆಯೇ. ವಯಸ್ಸಾದವರ ಕಣ್ಣು ಮಬ್ಬಾಗಿ ಪಾಪೆಯ ನಡುವೆ ಬೆಳ್ಳಗೆ ಕಂಡಾಗ ಹಿರಿಯರು ಅದಕ್ಕೂ ಇದೇ ಹೆಸರನ್ನಿಟ್ಟರು. ಹೆಸರೇನೋ ಸೊಗಸಾಗಿದೆ, ಆದರೆ ಅದರೊಡನೆ ಒಂದು ತಪ್ಪು ತಿಳಿವಳಿಕೆಯೂ ಬೆಳೆದುಬಂದಿದೆ. ಕಣ್ಣಿನ ಮೇಲೆ ಏನೋ ಪದರ ಕಟ್ಟಿದೆ, ತಕ್ಕ ಮದ್ದನ್ನು ಬಿಟ್ಟರೆ ಅದು ಕರಗೀತು ಅಥವಾ ಕಳಚಿ ಬಿದ್ದೀತು ಎಂದು ಎಷ್ಟೋ ಮಂದಿ ನಂಬುತ್ತಾರೆ. ಜೇನುತುಪ್ಪ, ಸೊಪ್ಪಿನ ರಸ, ಅಂಗಡಿಯ ಹನಿಮದ್ದು ಎಂದು ಒಂದಾದ ಮೇಲೊಂದನ್ನು ನೋಡುತ್ತ ವರ್ಷಗಳನ್ನು ಕಳೆಯುವ ಮನೆಗಳು ಇಂದಿಗೂ ಉಂಟು. ಈ ನಂಬಿಕೆಗೆ ಆಧಾರವಿದೆಯೆ? ಶಸ್ತ್ರಚಿಕಿತ್ಸೆಯ ಪರವಾಗಿ ಇರುವ ಆಧಾರವಾದರೂ ಏನು?

ಮೊದಲು ಪೊರೆ ಎಂದರೇನೆಂಬುದನ್ನು ತಿಳಿಯಬೇಕು. ಪಾಪೆಯ ಹಿಂದೆ, ಕಣ್ಣಿನ ಒಳಗೆ, ಗಾಜಿನಂತೆ ತಿಳಿಯಾದ ಒಂದು ಮಸೂರವಿದೆ. ಬೆಳಕನ್ನು ಕಣ್ಣಿನ ಹಿಂಬದಿಯ ಪಟದ ಮೇಲೆ ಸರಿಯಾಗಿ ಬೀಳಿಸುವುದು ಅದರ ಕೆಲಸ. ವಯಸ್ಸಾದಂತೆ ಈ ಮಸೂರದಲ್ಲಿರುವ ಪ್ರೋಟೀನುಗಳು ಗಂಟುಕಟ್ಟಿ ಅದು ಮಂಕಾಗುತ್ತದೆ. ಸಕ್ಕರೆ ಕಾಯಿಲೆ, ಹೊಗೆಬತ್ತಿಯ ಸೇವನೆ, ಕಣ್ಣಿಗೆ ಬಿದ್ದ ಪೆಟ್ಟು ಇವು ಅದನ್ನು ಬೇಗ ತರಬಲ್ಲವು. ಬೆಂದ ಕೋಳಿಮೊಟ್ಟೆಯ ಬಿಳಿಯನ್ನು ಮತ್ತೆ ತಿಳಿನೀರಿನಂತೆ ಮಾಡುವುದು ಎಷ್ಟು ಕಷ್ಟವೋ ಮಂಕಾದ ಮಸೂರವನ್ನು ತಿಳಿಯಾಗಿಸುವುದೂ ಅಷ್ಟೇ ಕಷ್ಟ. ಪೊರೆ ಇರುವುದು ಕಣ್ಣಿನ ಮೇಲಲ್ಲ, ಮಸೂರವೇ ಪೊರೆಯಾಗಿದೆ.

“ಹಾಗಾದರೆ ನಮ್ಮ ಅತ್ತೆಯವರಿಗೆ ಹನಿಮದ್ದಿನಿಂದ ಗುಣವಾಯಿತಲ್ಲ, ಕನ್ನಡಕವಿಲ್ಲದೆ ರಾಮಾಯಣ ಓದಿದರಲ್ಲ?” ಎಂದು ಕೇಳುವವರಿದ್ದಾರೆ. ಅವರು ಹೇಳುವುದು ಸುಳ್ಳಲ್ಲ. ಪೊರೆ ಬಲಿಯತೊಡಗಿದಾಗ ಕೆಲವರ ಮಸೂರದ ನಡುಭಾಗ ದಟ್ಟವಾಗುತ್ತದೆ. ಆಗ ದೂರದ ನೋಟ ಕುಂದಿದರೂ ಹತ್ತಿರದ ಅಕ್ಷರ ಕೆಲವು ಕಾಲ ಕನ್ನಡಕವಿಲ್ಲದೆಯೇ ಕಾಣುತ್ತದೆ. ರೋಗ ಮುಂದುವರಿದುದರ ಗುರುತು ಅದು. ನಾವು ಅದನ್ನು ಮದ್ದಿನ ಗುಣವೆಂದು ತಿಳಿಯುತ್ತೇವೆ. ಆದ್ದರಿಂದಲೇ ಒಬ್ಬರಿಬ್ಬರ ಅನುಭವ ಪ್ರಮಾಣವಾಗಲಾರದು. ಒಂದೇ ಬಗೆಯ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ಹಂಚಿ, ಒಂದು ಗುಂಪಿಗೆ ಮಾತ್ರ ಮದ್ದು ಕೊಟ್ಟು, ಎರಡನ್ನೂ ಹೋಲಿಸಿ ನೋಡಿದಾಗಲೇ ನಿಜ ಹೊರಬೀಳುತ್ತದೆ.

ಮದ್ದುಗಳನ್ನು ಹೀಗೆ ಒರೆಗೆ ಹಚ್ಚಿದಾಗ ಆದದ್ದೇನು? ಸಿ, ಇ ಜೀವಸತ್ವಗಳು ಮತ್ತು ಬೀಟಾ ಕೆರೋಟಿನ್ ಪೊರೆಯನ್ನು ತಡೆಯಬಲ್ಲವೆ ಎಂದು ನಡೆದಿದ್ದ 9 ಪರೀಕ್ಷೆಗಳನ್ನು ಕಾಕ್ರೇನ್ ಸಂಸ್ಥೆಯ ವಿಮರ್ಶಕರು 2012ರಲ್ಲಿ ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿ ಭಾಗಿಗಳಾದವರು 1,17,272 ಮಂದಿ. ಗುಳಿಗೆ ನುಂಗಿದವರಿಗೂ ನುಂಗದವರಿಗೂ ವ್ಯತ್ಯಾಸ ಕಾಣಲಿಲ್ಲ. ಕಾರ್ನೊಸಿನ್ ಎಂಬ ವಸ್ತುವಿನ ಹನಿಮದ್ದು ಪೊರೆ ಕರಗಿಸುವುದೆಂದು ಮಾರಾಟವಾಗುತ್ತದೆ. 2017ರ ವಿಮರ್ಶೆಯಲ್ಲಿ ಅದಕ್ಕೆ ನಂಬತಕ್ಕ ಆಧಾರ ಸಿಗಲಿಲ್ಲ. ಲ್ಯಾನೊಸ್ಟೆರಾಲ್ ಎಂಬ ವಸ್ತು ನಾಯಿಗಳ ಪೊರೆಯನ್ನು ತಿಳಿಮಾಡಿತೆಂಬ ವರದಿ 2015ರಲ್ಲಿ ಬಂದಾಗ ದೊಡ್ಡ ಆಸೆ ಹುಟ್ಟಿತು. ಅದೇ ವರ್ಷ ಬೆಂಗಳೂರಿನ ವೈದ್ಯರು ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಮನುಷ್ಯರ ಪೊರೆಗಳನ್ನೇ ಆ ದ್ರವದಲ್ಲಿ 6 ದಿನ ನೆನೆಯಿಟ್ಟು ನೋಡಿದರು. ಅವು ತಿಳಿಯಾಗಲಿಲ್ಲ.

ಇನ್ನು ಶಸ್ತ್ರದ ಮಾತು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಲಿಂಗನಾಶವೆಂಬ ಈ ರೋಗಕ್ಕೆ ಶಲಾಕೆಯಿಂದ ಮಾಡುವ ಚಿಕಿತ್ಸೆಯ ವರ್ಣನೆಯುಂಟು. ಮಂಕಾದ ಮಸೂರವನ್ನು ಪಾಪೆಯ ದಾರಿಯಿಂದ ಸರಿಸುವ ಈ ಬಗೆಯ ಕ್ರಮ ಬಹುಕಾಲ ನಡೆದುಬಂತು. ಮಸೂರವನ್ನು ಕಣ್ಣಿನಿಂದ ಹೊರಗೆ ತೆಗೆಯುವ ಕ್ರಮವನ್ನು ಫ್ರಾನ್ಸಿನ ಜಾಕ್ ದಾವಿಯೆಲ್ 1747ರಲ್ಲಿ ಆರಂಭಿಸಿದನು. ನಮ್ಮ ನಾಡಿನಲ್ಲಿ ಬೀಳಗಿಯ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ಹೂಡಿ ಅಸಂಖ್ಯಾತ ಬಡವರ ಪೊರೆ ತೆಗೆದದ್ದನ್ನು ಹಿರಿಯರು ಬಲ್ಲರು. ಆ ಕಾಲದಲ್ಲಿ ಮಸೂರ ಹೋದ ಕಣ್ಣಿಗೆ ದಪ್ಪಗಾಜಿನ ‘ಸೋಡಾಬುಡ್ಡಿ’ ಕನ್ನಡಕವೇ ಗತಿ. ಕನ್ನಡಕ ಒಡೆದರೆ ಮತ್ತೆ ಕುರುಡು.

ಈ ಕೊರತೆಯನ್ನು ನೀಗಿದವರು ಲಂಡನ್ನಿನ ಹೆರಾಲ್ಡ್ ರಿಡ್ಲಿ. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಗಾಜಿನಂಥ ಪ್ಲಾಸ್ಟಿಕ್ ಚೂರುಗಳು ಚಾಲಕರ ಕಣ್ಣಿನೊಳಗೆ ಹೊಕ್ಕರೂ ಕಣ್ಣು ಅವನ್ನು ಸಹಿಸಿಕೊಂಡುದನ್ನು ಅವರು ಗಮನಿಸಿದರು. ಅದೇ ಬಗೆಯ ವಸ್ತುವಿನಿಂದ ಮಸೂರ ಮಾಡಿಸಿ 1949ರ ನವೆಂಬರ್ 29ರಂದು ಮೊದಲ ಬಾರಿಗೆ ರೋಗಿಯ ಕಣ್ಣಿನೊಳಗೆ ಇಟ್ಟರು. ಮಧುರೆಯ ಅರವಿಂದ ಆಸ್ಪತ್ರೆಯಲ್ಲಿ ಎರಡು ಕಣ್ಣಿಗೂ ಪೊರೆ ಬಂದ 3,400 ಮಂದಿಯನ್ನು ಚೀಟಿಯ ಕ್ರಮದಿಂದ ಹಂಚಿ, ದಪ್ಪ ಕನ್ನಡಕದ ಹಳೆಯ ಪದ್ಧತಿಯನ್ನೂ ಒಳಗೆ ಮಸೂರವಿಡುವ ಪದ್ಧತಿಯನ್ನೂ ಹೋಲಿಸಿದರು. 1998ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮಸೂರವಿಡುವ ಪದ್ಧತಿಯೇ ಮೇಲಾಯಿತು.

ಯಂತ್ರದಿಂದ ಮಾಡುವ ‘ಫೇಕೋ’ ಮೇಲೋ, ಕೈಯಿಂದ ಮಾಡುವ ಸಣ್ಣಗಾಯದ ಶಸ್ತ್ರವೋ ಎಂಬ ಪ್ರಶ್ನೆಯೂ ಉಂಟು. ಪುಣೆಯಲ್ಲಿ 400 ಕಣ್ಣುಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆರು ವಾರಗಳ ಅನಂತರ, ಕನ್ನಡಕದ ನೆರವಿನೊಡನೆ, ಎರಡು ಗುಂಪಿನಲ್ಲೂ ನೂರಕ್ಕೆ 98ಕ್ಕೂ ಹೆಚ್ಚು ಕಣ್ಣುಗಳು 6/18 ಅಥವಾ ಅದಕ್ಕಿಂತ ಮೇಲಾದ ನೋಟ ಪಡೆದವು. ಎಂದರೆ, ಆರೋಗ್ಯವಂತ ಕಣ್ಣು 18 ಮೀಟರಿನಿಂದ ಓದುವುದನ್ನು 6 ಮೀಟರಿನಿಂದಾದರೂ ಓದಬಲ್ಲವು. ಕನ್ನಡಕವಿಲ್ಲದ ನೋಟದಲ್ಲಿ ಮಾತ್ರ ಫೇಕೋ ಸ್ವಲ್ಪ ಮುಂದಿತ್ತು. ಹಣವಿಲ್ಲವೆಂದು ಯಾರೂ ಎದೆಗುಂದಬೇಕಾಗಿಲ್ಲ.

ಲಾಭ ನೋಟಕ್ಕಷ್ಟೇ ಅಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ 70 ದಾಟಿದ 306 ಹೆಂಗಸರಲ್ಲಿ ಕೆಲವರಿಗೆ ಬೇಗ, ಉಳಿದವರಿಗೆ ವಾಡಿಕೆಯಂತೆ ಸುಮಾರು ವರ್ಷ ಕಾಯಿಸಿ ಶಸ್ತ್ರಚಿಕಿತ್ಸೆ ಮಾಡಿದರು. ಬೇಗ ಮಾಡಿಸಿಕೊಂಡವರು ಆ ವರ್ಷದಲ್ಲಿ ಎಡವಿ ಬಿದ್ದದ್ದು ಮೂರನೆಯ ಒಂದು ಪಾಲಿನಷ್ಟು ಕಡಿಮೆ. ಮೂಳೆ ಮುರಿದುಕೊಂಡವರು 4 ಮಂದಿ, ಕಾದವರಲ್ಲಿ 12 ಮಂದಿ. ಬಚ್ಚಲುಮನೆಯ ಮೆಟ್ಟಿಲು ಕಾಣದೆ ಬಿದ್ದು ಸೊಂಟ ಮುರಿದು ಹಾಸಿಗೆ ಹಿಡಿದ ಅಜ್ಜಿಯರನ್ನು ಕಂಡ ಮನೆಯವರಿಗೆ ಈ ಅಂಕಿಗಳ ಬೆಲೆ ತಿಳಿದೀತು.

ಶಸ್ತ್ರಚಿಕಿತ್ಸೆ ಸರ್ವರೋಗಹರವೆಂದು ಇದರ ಅರ್ಥವಲ್ಲ. ಕಣ್ಣಿನ ಹಿಂಬದಿಯ ಪಟವೋ ನರವೋ ಕೆಟ್ಟಿದ್ದರೆ ಪೊರೆ ತೆಗೆದರೂ ಪೂರ್ಣ ನೋಟ ಬಾರದು; ಇದನ್ನು ವೈದ್ಯರು ಮೊದಲೇ ನೋಡಿ ಹೇಳಬೇಕು. ಅಪರೂಪವಾಗಿ ಕಣ್ಣಿಗೆ ಸೋಂಕು ತಗಲುವುದುಂಟು. ಶಸ್ತ್ರವಾದ ಮೇಲೆ ನೋವು ಹೆಚ್ಚಿದರೆ, ಕಣ್ಣು ಕೆಂಪಾಗಿ ನೋಟ ಕುಂದಿದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಕೆಲವರಿಗೆ ವರ್ಷಗಳ ಮೇಲೆ ಹೊಸ ಮಸೂರದ ಹಿಂದಿನ ಪದರ ಮಂಕಾಗುತ್ತದೆ; ಅದನ್ನು ಲೇಸರ್ ಕಿರಣದಿಂದ ಕೆಲವೇ ನಿಮಿಷಗಳಲ್ಲಿ ಸರಿಪಡಿಸುತ್ತಾರೆ.

“ಪೊರೆ ಇನ್ನೂ ಬಲಿತಿಲ್ಲ”, “ಚಳಿಗಾಲ ಬರಲಿ” ಎಂದು ಮುಂದೂಡುವ ರೂಢಿ ಹಳೆಯ ಶಸ್ತ್ರಪದ್ಧತಿಯ ಕಾಲದ್ದು. ಈಗ ಋತು ನೋಡಬೇಕಾಗಿಲ್ಲ. ಅತಿಯಾಗಿ ಬಲಿತ ಪೊರೆಯಾದರೋ ಕಣ್ಣಿನ ಒತ್ತಡವನ್ನು ಏರಿಸಿ ಇದ್ದ ನೋಟವನ್ನೂ ಕೆಡಿಸಬಲ್ಲದು. ಅಕ್ಕಿಯಲ್ಲಿ ಕಲ್ಲು ಆರಿಸುವುದು, ಬಸ್ಸಿನ ಹಲಗೆ ಓದುವುದು, ಎದುರು ಬಂದವರ ಮುಖ ಗುರುತಿಸುವುದು ಕಷ್ಟವಾದಾಗಲೇ ಕಣ್ಣಿನ ವೈದ್ಯರಲ್ಲಿಗೆ ಹೋಗುವುದು ಮೇಲು. ಹನಿಮದ್ದಿಗೆ ಸುರಿಯುವ ಹಣವನ್ನು ಆ ಪ್ರಯಾಣಕ್ಕೆ ಎತ್ತಿಟ್ಟರೆ ಅದು ಸಾರ್ಥಕವಾದೀತು.