ಫ್ಲೈವೀಲ್ ಬೋಲ್ಟಿಗೆ ಕೈ ಅಳತೆ ಸಾಲದು

ಉಣಕಲ್ಲಿನ ಓದುಗರೊಬ್ಬರು ಕೇಳಿದ್ದಾರೆ: ‘ಕ್ಲಚ್ ಪ್ಲೇಟ್ ಬದಲಿಸಲು ಮನೆಯಲ್ಲೇ ಗೇರ್‌ಬಾಕ್ಸ್ ಇಳಿಸಿದ್ದೇನೆ. ಫ್ಲೈವೀಲ್ ಬಿಚ್ಚಿ ಆಯಿಲ್ ಸೀಲನ್ನೂ ಹೊಸದು ಹಾಕಿದೆ. ಇನ್ನು ಬೋಲ್ಟುಗಳನ್ನು ಕೈಲಾದಷ್ಟು ಬಿಗಿ ಮಾಡಿದರೆ ಸಾಲದೆ? ಟಾರ್ಕ್ ರೆಂಚ್ ಬೇಕೇ ಬೇಕೆ?’ ಬೇಕೇ ಬೇಕು. ಏಕೆಂದು ನೋಡೋಣ.

ಕುಂಬಾರ ತಿಗರಿಯನ್ನು ಕೋಲಿನಿಂದ ತಿರುಗಿಸಿ ಬಿಟ್ಟರೆ, ಕೋಲು ತೆಗೆದ ಮೇಲೂ ಅದು ತಿರುಗುತ್ತಲೇ ಇರುತ್ತದೆ. ಅಂಚಿನ ಭಾರ ಅದನ್ನು ಓಡಿಸುತ್ತದೆ. ಎಂಜಿನ್ನಿನಲ್ಲೂ ಪಿಸ್ಟನ್ ತಳ್ಳುವುದು ಬಿಟ್ಟುಬಿಟ್ಟೇ. ಫೋರ್ ಸ್ಟ್ರೋಕ್ ಎಂಜಿನ್ನಿನ ಒಂದು ಸಿಲಿಂಡರಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ಹಾಕುವಷ್ಟರಲ್ಲಿ ಬಲ ಹುಟ್ಟುವುದು ಒಮ್ಮೆ ಮಾತ್ರ. ನಾಲ್ಕು ಸಿಲಿಂಡರಿದ್ದರೆ ಅರ್ಧ ಸುತ್ತಿಗೊಮ್ಮೆ, ಮೂರಿದ್ದರೆ 240 ಡಿಗ್ರಿಗೊಮ್ಮೆ. ನಡುವಿನ ಬಿಡುವನ್ನು ತುಂಬುವುದೇ ಫ್ಲೈವೀಲ್. ನೃಪತುಂಗ ಬೆಟ್ಟದ ಏರಿನಲ್ಲಿ ನಿಂತ ಕಾರನ್ನು ಫಸ್ಟ್ ಗೇರಿನಲ್ಲಿ ಎತ್ತುವಾಗ ಎಂಜಿನ್ ಬಂದ್ ಬೀಳದಂತೆ ಕಾಯುವುದೂ ಅದೇ. ವೇಗ ನಾಲ್ಕು ಪಟ್ಟಾದರೆ ಅದರಲ್ಲಿನ ಶಕ್ತಿ 16 ಪಟ್ಟಾಗುತ್ತದೆ. ‘ಹಗುರ ಫ್ಲೈವೀಲ್ ಹಾಕಿಸಿ, ಪಿಕಪ್ ನೋಡಿ’ ಎಂಬ ಪ್ರಚಾರವನ್ನು ನಂಬಿ ಈ ಭಾರವನ್ನು ಕಳೆದುಕೊಳ್ಳಬೇಡಿ. ರೇಸಿಗೆ ಅದು ಸರಿ; ನಿಂತು ನಿಂತು ಸಾಗುವ ಊರಿನ ರಸ್ತೆಗೆ ಅಲ್ಲ.

ಈ ಚಕ್ರವನ್ನು ಕ್ರ್ಯಾಂಕ್‌ಶಾಫ್ಟಿಗೆ ಹಿಡಿದಿಟ್ಟಿರುವುದು ಸಾಮಾನ್ಯವಾಗಿ ಆರೆಂಟು ಬೋಲ್ಟು. ಎಂಜಿನ್ನಿನ ಬಲವನ್ನೆಲ್ಲ ಬೋಲ್ಟಿನ ಮೈ ಹೊರುತ್ತದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಬೋಲ್ಟುಗಳು ಎರಡು ಲೋಹದ ಮುಖಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತವೆ. ಬಲ ದಾಟುವುದು ಆ ಮುಖಗಳ ನಡುವಿನ ಘರ್ಷಣೆಯಿಂದ. ಒತ್ತಡ ಕಡಿಮೆಯಾದರೆ ಮುಖಗಳು ಕೂದಲೆಳೆಯಷ್ಟು ಜಾರತೊಡಗುತ್ತವೆ, ಬೋಲ್ಟು ಅತ್ತಿತ್ತ ಬಾಗಿ ದಣಿದು ಕೊನೆಗೆ ತುಂಡಾಗುತ್ತದೆ.

ಒತ್ತಡ ಬರುವುದು ಬೋಲ್ಟು ಹಿಗ್ಗುವುದರಿಂದ. ಎಳೆದಷ್ಟೂ ಹಿಗ್ಗು, ಹಿಗ್ಗಿದಷ್ಟೂ ಮರುಸೆಳೆತ ಎಂಬ ಸ್ಪ್ರಿಂಗಿನ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ಉಕ್ಕಿನ ಬೋಲ್ಟೂ ಬಲು ಗಟ್ಟಿಯಾದ ಸ್ಪ್ರಿಂಗೇ. ತೊಡಕಿರುವುದು ಇಲ್ಲಿ: ನಾವು ಪಾನಾಕ್ಕೆ ಹಾಕುವ ಬಲದಲ್ಲಿ ಸುಮಾರು ಶೇ 90ರಷ್ಟು ಬೋಲ್ಟಿನ ತಲೆಯಡಿಯ ಮತ್ತು ಥ್ರೆಡ್ಡಿನ ಘರ್ಷಣೆಗೇ ಹೋಗುತ್ತದೆ, ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಸುಮಾರು ಶೇ 10. ಥ್ರೆಡ್ಡಿಗೆ ಎಣ್ಣೆ ಸವರಿದರೆ ಅದೇ ಟಾರ್ಕಿಗೆ ಬೋಲ್ಟು ಹೆಚ್ಚು ಹಿಗ್ಗುತ್ತದೆ, ತುಕ್ಕಿದ್ದರೆ ಕಡಿಮೆ. ಕೈಗೆ ಈ ವ್ಯತ್ಯಾಸ ತಿಳಿಯದು. ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯಲ್ಲಿದ್ದ ಕಾನ್ರಾಡ್ ಬಾರ್ 1918ರ ಸುಮಾರಿಗೆ ಟಾರ್ಕ್ ರೆಂಚ್ ರೂಪಿಸಿದ್ದೂ ಪೈಪುಗಳ ಬೋಲ್ಟು ಅತಿಯಾಗಿ ಬಿಗಿಯದಿರಲೆಂದೇ. ಮ್ಯಾನುಯಲ್ 70 ನ್ಯೂಟನ್ ಮೀಟರ್ ಎಂದರೆ, ಅರ್ಧ ಮೀಟರ್ ಹಿಡಿಯ ತುದಿಯಲ್ಲಿ ಸುಮಾರು 14 ಕೆ.ಜಿ. ಭಾರದಷ್ಟು ಎಳೆತ. ಆದರೆ ಥ್ರೆಡ್ ಒಣಗಿರಬೇಕೋ ಎಣ್ಣೆಯಿರಬೇಕೋ ಎಂಬುದನ್ನೂ ಅಲ್ಲೇ ಓದಿಕೊಳ್ಳಿ. ಅದನ್ನು ಬಿಟ್ಟರೆ ಅಂಕಿಗೆ ಅರ್ಥವಿಲ್ಲ.

ಬಿಗಿಯುವ ಮುನ್ನ ಎರಡೂ ಮುಖ ಒರೆಸಿ. 8 ಸೆಂ.ಮೀ. ಅಗಲದ ಫ್ಲ್ಯಾಂಜಿನ ಅಂಚಿನಲ್ಲಿ 0.05 ಮಿ.ಮೀ. ತುಕ್ಕಿನ ಕಣ ಸಿಕ್ಕಿಬಿದ್ದರೆ, 26 ಸೆಂ.ಮೀ. ಚಕ್ರದ ಅಂಚಿನಲ್ಲಿ ಆ ಓರೆ 0.16 ಮಿ.ಮೀ. ಆಗುತ್ತದೆ. ಕ್ಲಚ್ ಬಿಡುವಾಗ ಕಾರು ನಡುಗುವುದಕ್ಕೆ ಇದೂ ಒಂದು ಕಾರಣ. ಡಯಲ್ ಗೇಜ್ ಇಟ್ಟು ಒಂದು ಸುತ್ತು ತಿರುಗಿಸಿದರೆ ಓರೆ ಕಂಡುಬಿಡುತ್ತದೆ.

ಬಿಚ್ಚುವಾಗ ಹಾಕಿದ ಗುರುತಿಗೆ ಚಕ್ರವನ್ನು ಕೂರಿಸಿ. ಬೋಲ್ಟಿನ ತೂತು ಎಂಜಿನ್ನಿನ ಒಳಗಿನ ಆಯಿಲಿಗೆ ತೆರೆದಿದ್ದರೆ ಮ್ಯಾನುಯಲ್ ಹೇಳಿದ ಸೀಲಂಟ್ ಹಚ್ಚಿ. ಒಂದು ಬೋಲ್ಟಾದ ಮೇಲೆ ಎದುರಿನದು, ಹೀಗೆ ಎರಡು ಮೂರು ಹಂತದಲ್ಲಿ ಬಿಗಿಯಿರಿ. ಚಕ್ರ ತಿರುಗದಂತೆ ರಿಂಗ್ ಗೇರಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿದರೆ ಹಲ್ಲು ಮುರಿದೀತು. ಲಾಕಿಂಗ್ ಟೂಲನ್ನೇ ಬಳಸಿ. ಟಾರ್ಕಿನ ಮೇಲೆ ಇಷ್ಟು ಡಿಗ್ರಿ ತಿರುಗಿಸಿ ಎಂದಿರುವ ಬೋಲ್ಟುಗಳು ಸಾಮಾನ್ಯವಾಗಿ ಒಂದೇ ಬಾರಿಯವು. ಹಳೆಯದನ್ನು ಮತ್ತೆ ಹಾಕಬೇಡಿ.

ನಿಮ್ಮ ಎಂಜಿನ್ನಿನದೇ ಮ್ಯಾನುಯಲ್, ಟಾರ್ಕ್ ರೆಂಚ್, ಲಾಕಿಂಗ್ ಟೂಲ್, ಕ್ಲಚ್ ಪ್ಲೇಟ್ ನಡುವಿಗೆ ಕೂರಿಸುವ ಟೂಲ್, ಕಾರಿನಡಿ ಜಾಕಿನ ಬದಲು ಗಟ್ಟಿ ಸ್ಟ್ಯಾಂಡು, ಗೇರ್‌ಬಾಕ್ಸ್ ಎತ್ತಲು ಇನ್ನೊಬ್ಬರ ಕೈ: ಇವಿಷ್ಟಿದ್ದರೆ ಧೈರ್ಯವಾಗಿ ಮನೆಯಲ್ಲೇ ಮಾಡಿ. ಒಂದು ಕಡಿಮೆಯಿದ್ದರೂ ಕೆಲಸವನ್ನು ಮಿಸ್ತ್ರಿಗೆ ಒಪ್ಪಿಸಿ; ಎಷ್ಟು ಟಾರ್ಕಿಗೆ ಬಿಗಿಯುತ್ತಾರೆಂದು ಅವರನ್ನೂ ಕೇಳಿ.